ಬಾಲ ನೋಡಿ ಆ್ಯಡ್‌ವರ್ಬ್ ಗುರುತಿಸಬೇಡಿ

ಪ್ರಶ್ನೆ: ನಾನು ಇಂಡಿ ತಾಲೂಕಿನ ಹಳ್ಳಿಯವಳು. ಒಂದನೇ ಇಯತ್ತೆಯಿಂದ ಬಿ.ಎ., ಬಿ.ಇಡಿ.ವರೆಗೂ ಕನ್ನಡ ಮಾಧ್ಯಮದಲ್ಲೇ ಓದಿದ್ದು. ಈ ವರ್ಷ ಸಿಂದಗಿ ತಾಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ಕನ್ನಡ ಕಲಿಸಲು ಬಂದವಳಿಗೆ ಇಂಗ್ಲಿಷನ್ನೂ ಹಚ್ಚಿದ್ದಾರೆ. ಏಳನೇ ಇಯತ್ತೆಗೆ ಆ್ಯಡ್‌ವರ್ಬ್ ಹೇಳುವಾಗ ‘ಶಬ್ದದ ಕೊನೆಗೆ ಎಲ್‌ವೈ ಇದ್ದರೆ ಅದು ಆ್ಯಡ್‌ವರ್ಬ್’ ಎಂದು ಬೋರ್ಡಿನ ಮೇಲೆ ಬರೆದೆ. ಒಬ್ಬ ಹುಡುಗ ಎದ್ದು, “ಟೀಚರ್, ಫ್ರೆಂಡ್ಲಿಗೂ ಎಲ್‌ವೈ ಐತ್ರಿ, ಫ್ಯಾಮಿಲಿಗೂ ಐತ್ರಿ. ಅವೂ ಆ್ಯಡ್‌ವರ್ಬ್ ಏನ್ರಿ? ಮತ್ತ ಫಾಸ್ಟ್‌ಗೆ ಯಾಕ ಇಲ್ರಿ?” ಅಂದ. ನನಗೆ ಬೆವರು ಬಂತು. ನಾಳೆ ಹೇಳುತ್ತೇನೆ ಎಂದು ಪಾರಾದೆ. ನಾಳೆ ಬಂದು ಹೋಗಿದೆ, ನಾನು ಹೇಳಿಲ್ಲ. ಸಹೋದ್ಯೋಗಿಯೊಬ್ಬರಿಗೆ ಕೇಳಿದರೆ ‘ಅಷ್ಟೂ ಗೊತ್ತಿಲ್ಲೇನು’ ಎಂದು ನಕ್ಕರು. ಈಗ ಇಂಗ್ಲಿಷ್ ಪಿರಿಯಡ್ ಹತ್ತಿರ ಬಂತೆಂದರೆ ಹೊಟ್ಟೆ ತೊಳಸುತ್ತದೆ. ನಾನು ಈ ಕೆಲಸಕ್ಕೆ ಲಾಯಕ್ಕಲ್ಲವೇನೋ. ಬಿಟ್ಟುಬಿಡಲೇ?
– ಹೆಸರು ಬೇಡ, ಸಿಂದಗಿ ತಾಲೂಕು

ಉತ್ತರ: ತಂಗಿ, ಕೆಲಸ ಬಿಡುವ ಮಾತು ಬದಿಗಿರಲಿ. ಆ ಹುಡುಗ ನಿಮ್ಮನ್ನು ಕೆಣಕಲಿಕ್ಕೆ ಎದ್ದು ನಿಂತಿಲ್ಲ. ನೀವು ಬೋರ್ಡಿನ ಮೇಲೆ ಬರೆದದ್ದನ್ನು ನಂಬಿ, ತನಗೆ ಗೊತ್ತಿದ್ದ ಶಬ್ದಗಳಿಗೆಲ್ಲ ಹಚ್ಚಿ ನೋಡಿದ್ದಾನೆ. ‘ಫ್ಯಾಮಿಲಿ’ ಶಬ್ದವನ್ನು ಹುಡುಕಿ ತಂದವನು ಸಣ್ಣ ಆಸಾಮಿಯಲ್ಲ. ಎದ್ದು ನಿಂತು ಕೇಳುವ ಧೈರ್ಯ ನಿಮ್ಮ ತರಗತಿಯ ಮಕ್ಕಳಿಗಿದೆ ಎಂದರೆ ಶಿಕ್ಷಕಿಯಾಗಿ ನೀವು ಅರ್ಧ ಗೆದ್ದಿದ್ದೀರಿ.

ನಿಮ್ಮ ವಯಸ್ಸು ಬರೆದಿಲ್ಲ. ಆದರೂ ನೀವು ಓದಿದ ರೀತಿ ಅಂದಾಜಿಗೆ ಬರುತ್ತದೆ. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಅದಕ್ಕೂ ಮೊದಲು ಶಾಲೆಗೆ ಸೇರಿದವರಿಗೆ ಐದನೇ ಇಯತ್ತೆಯಲ್ಲಿ ಎಬಿಸಿಡಿ, ಎಂಟರ ಹೊತ್ತಿಗೆ ಗ್ರಾಮರು, ಹತ್ತರಲ್ಲಿ ಬಾಯಿಪಾಠ. ಆ ಅವಸರದಲ್ಲಿ ಮಾಸ್ತರರು ಕೊಟ್ಟ ಅಡ್ಡದಾರಿಯೇ ಈ ಎಲ್‌ವೈ ಸೂತ್ರ. ಪರೀಕ್ಷೆಯಲ್ಲಿ ಹತ್ತಕ್ಕೆ ಏಳು ಸಲ ಅದು ಕೆಲಸ ಮಾಡುತ್ತದೆ, ಆದ್ದರಿಂದ ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದಿದೆ. ನಿಮ್ಮನ್ನು ನೋಡಿ ನಕ್ಕವರನ್ನೂ ‘ಫ್ರೆಂಡ್ಲಿ ಯಾಕೆ ಅಲ್ಲ’ ಎಂದು ಕೇಳಿ ನೋಡಿ. ಜಗಳಕ್ಕಲ್ಲ, ತಿಳಿಯಲಿಕ್ಕೆ.

ಮೊದಲು ಹುಡುಗನ ಪ್ರಶ್ನೆ. ‘ಲಿ’ ಎಂಬ ಬಾಲ ಯಾವ ಶಬ್ದಕ್ಕೆ ಹತ್ತಿದೆ ಎಂದು ನೋಡಿದರೆ ಗಂಟು ಬಿಚ್ಚುತ್ತದೆ. ಫ್ರೆಂಡ್, ಮದರ್, ಕವರ್ಡ್ ಇವು ನಾಮಪದಗಳು. ನಾಮಪದಕ್ಕೆ ಈ ಬಾಲ ಹತ್ತಿದರೆ ಹುಟ್ಟುವುದು ಗುಣವಾಚಕ: ಫ್ರೆಂಡ್ಲಿ ಎಂದರೆ ಗೆಳೆಯನಂಥ, ಮದರ್ಲಿ ಎಂದರೆ ತಾಯಿಯಂಥ. ಸ್ಲೋ, ಕ್ವಿಕ್, ಬ್ರೇವ್ ಇವು ಮೊದಲೇ ಗುಣವಾಚಕಗಳು. ಅವಕ್ಕೆ ಅದೇ ಬಾಲ ಹತ್ತಿದಾಗ ಹುಟ್ಟುವುದು ಕ್ರಿಯಾವಿಶೇಷಣ, ಅಂದರೆ ಆ್ಯಡ್‌ವರ್ಬ್: ಸ್ಲೋಲಿ, ಕ್ವಿಕ್ಲಿ, ಬ್ರೇವ್ಲಿ. ಅಲ್ಲಲ್ಲಿ ತಪ್ಪಿಸಿಕೊಂಡು ಹೋಗುವ ಶಬ್ದಗಳಿವೆ. ‘ಡೇಲಿ’ ಎರಡೂ ಕಡೆ ದುಡಿಯುತ್ತದೆ, ‘ಸಿಕ್ಲಿ’ ಗುಣವಾಚಕವಾಗಿಯೇ ಉಳಿಯುತ್ತದೆ. ಆದರೆ ಏಳನೇ ಇಯತ್ತೆಗೆ ಇಷ್ಟು ಬೇಕಾದಷ್ಟಾಯಿತು.

‘ಫ್ಯಾಮಿಲಿ’ಯಲ್ಲಿ ಬಾಲವೇ ಇಲ್ಲ, ಅದು ಶಬ್ದದ ಮೈಯ ಭಾಗ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಬೇಡಿ. ಬೋರ್ಡಿನ ಮೇಲೆ ಚೆನ್ನಾಗಿ, ಜೋರಾಗಿ, ಮೆತ್ತಗಾಗಿ ಎಂದು ಬರೆದು ಅದರ ಕೆಳಗೆ ‘ರಾಗಿ’ ಎಂದು ಬರೆಯಿರಿ. ನಮ್ಮದು ಜೋಳದ ಸೀಮೆಯಾದರೂ ರಾಗಿ ಗೊತ್ತಿಲ್ಲದ ಮಕ್ಕಳಿಲ್ಲ. ಕೊನೆಗೆ ‘ಆಗಿ’ ಇದೆಯೆಂದು ರಾಗಿಯನ್ನು ಅವ್ಯಯ ಅನ್ನುತ್ತೀರಾ ಎಂದು ಕೇಳಿ. ಇಡೀ ತರಗತಿ ನಗುತ್ತದೆ, ಹುಡುಗನಿಗೆ ಉತ್ತರವೂ ಸಿಕ್ಕಿರುತ್ತದೆ. ಇನ್ನು ಫಾಸ್ಟ್‌ಗೆ ಬಾಲ ಯಾಕಿಲ್ಲ ಎಂಬ ಪ್ರಶ್ನೆ. ಫಾಸ್ಟ್, ಹಾರ್ಡ್, ಲೇಟ್, ಅರ್ಲಿ ಇವು ವೇಷ ಬದಲಿಸದೆ ಎರಡೂ ಪಾತ್ರ ಮಾಡುವ ಶಬ್ದಗಳು. ‘ಫಾಸ್ಟ್ ಬಸ್’ ಅಂದಾಗ ಬಸ್ಸಿಗೆ ವಿಶೇಷಣ, ‘ರನ್ ಫಾಸ್ಟ್’ ಅಂದಾಗ ಓಟಕ್ಕೆ.

ಇಲ್ಲಿಯೇ ನಾನು ನಿಮಗೆ ಹೇಳಬೇಕೆಂದಿರುವ ಮುಖ್ಯ ಮಾತಿದೆ. ನೀವು ಕನ್ನಡ ಪಿರಿಯಡ್ಡಿನಲ್ಲಿ ಧೈರ್ಯದಿಂದ ಕಲಿಸುವ ಪಾಠವನ್ನೇ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಹೆದರಿಕೊಂಡು ಕಲಿಸುತ್ತಿದ್ದೀರಿ. ಅವ್ಯಯ ಪ್ರಕರಣ ನೆನಪಿಸಿಕೊಳ್ಳಿ. ಚೆನ್ನಾಗಿ, ನೆಟ್ಟಗೆ, ತಟ್ಟನೆ, ಬೇಗನೆ, ಸುಮ್ಮನೆ – ಸಾಮಾನ್ಯಾವ್ಯಯಕ್ಕೆ ಉದಾಹರಣೆಯಾಗಿ ನೀವು ದಿನಾ ಹೇಳುವ ಶಬ್ದಗಳು. ಇವು ಎಲ್ಲಾ ಲಿಂಗ, ವಚನ, ವಿಭಕ್ತಿಗಳಲ್ಲೂ ಬದಲಾಗದೆ ನಿಲ್ಲುತ್ತವೆ ಎನ್ನುತ್ತೀರಿ. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗ ಕೊನೆಯ ಪ್ರಕರಣವನ್ನು ಅವ್ಯಯಕ್ಕೇ ಕೊಟ್ಟ. ನಾಮಪದ, ಕ್ರಿಯಾಪದಗಳ ಲೆಕ್ಕ ಮುಗಿದ ಮೇಲೆ ಉಳಿದವಕ್ಕೆಲ್ಲ ಅಲ್ಲಿ ಜಾಗ. ಗ್ರೀಕ್, ಲ್ಯಾಟಿನ್ ವ್ಯಾಕರಣದಿಂದ ಇಂಗ್ಲಿಷಿಗೆ ಬಂದ ಆ್ಯಡ್‌ವರ್ಬ್ ಕೂಡ ಹೀಗೇ, ಎಲ್ಲೂ ಕೂಡದ ಶಬ್ದಗಳನ್ನು ತುಂಬಿದ ಚೀಲ. ಸ್ಲೋಲಿ, ಹಿಯರ್, ಯೆಸ್ಟರ್ಡೇ, ವೆರಿ, ನಾಟ್, ಪರ್‌ಹ್ಯಾಪ್ಸ್ ಎಲ್ಲ ಒಂದೇ ಚೀಲದೊಳಗೆ. 2002ರಲ್ಲಿ ಬಂದ ‘ಕೇಂಬ್ರಿಜ್ ಗ್ರಾಮರ್’ ಎಂಬ ದೊಡ್ಡ ಗ್ರಂಥ ಯೆಸ್ಟರ್ಡೇ, ಟುಡೇಗಳನ್ನು ಈ ಚೀಲದಿಂದ ತೆಗೆದು ಸರ್ವನಾಮಗಳ ಸಾಲಿಗೆ ಹಾಕಿತು. ಇಂಗ್ಲಿಷಿನವರಲ್ಲೇ ಈ ವಿಷಯದಲ್ಲಿ ಒಮ್ಮತವಿಲ್ಲದಿರುವಾಗ ಸಿಂದಗಿಯಲ್ಲಿ ನೀವು ಯಾಕೆ ನಿದ್ದೆ ಕೆಡಿಸಿಕೊಳ್ಳಬೇಕು?

ಶಬ್ದದ ರೂಪ ನೋಡುವುದನ್ನು ಬಿಟ್ಟು ಅದು ಮಾಡುವ ಕೆಲಸ ನೋಡಲು ಕಲಿಸಿ. ಹೇಗೆ, ಎಲ್ಲಿ, ಯಾವಾಗ, ಎಷ್ಟು ಸಲ, ಎಷ್ಟರಮಟ್ಟಿಗೆ – ಈ ಪ್ರಶ್ನೆಗಳಲ್ಲಿ ಯಾವುದಕ್ಕಾದರೂ ಶಬ್ದ ಉತ್ತರ ಕೊಟ್ಟರೆ, ಮತ್ತು ಆ ಉತ್ತರ ನಾಮಪದದ ಕಡೆ ಹೋಗದೆ ಕ್ರಿಯಾಪದದ ಕಡೆಗೋ ಗುಣವಾಚಕದ ಕಡೆಗೋ ಇನ್ನೊಂದು ಕ್ರಿಯಾವಿಶೇಷಣದ ಕಡೆಗೋ ಹೋದರೆ, ಅದು ಆ್ಯಡ್‌ವರ್ಬ್. ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳಿ. ‘ಹೌ, ವೇರ್, ವೆನ್’ ಎಂದು ಕೇಳಿದರೆ ಮಕ್ಕಳು ಮೊದಲು ಆ ಶಬ್ದಗಳಿಗೇ ಹೆದರುತ್ತಾರೆ.

ಕನ್ನಡ ದಾರಿ ತೋರಿಸುವಂತೆ ಒಂದೆರಡು ಕಡೆ ದಾರಿ ತಪ್ಪಿಸುತ್ತದೆ ಕೂಡ. ಇದನ್ನು ತಿಳಿದುಕೊಂಡ ಶಿಕ್ಷಕರು ನಮ್ಮಲ್ಲಿ ಕಡಿಮೆ. ನೀವು ತಿಳಿದುಕೊಂಡರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದವರಿಗಿಂತ ಒಂದು ಕೈ ಮುಂದಿರುತ್ತೀರಿ, ಯಾಕೆಂದರೆ ನಿಮ್ಮ ಮಕ್ಕಳು ಎಡವುವ ಜಾಗ ಅವರಿಗೆ ಕಾಣುವುದೇ ಇಲ್ಲ.

‘ಆಗಿ’ ಪ್ರತ್ಯಯವನ್ನೇ ತೆಗೆದುಕೊಳ್ಳಿ. ‘ಜೋರಾಗಿ ಕೂಗಿದ’ ಎನ್ನುವಲ್ಲಿ ‘ಆಗಿ’ ಇದೆ, ‘ಲಿಂಬಿ ಹುಳಿಯಾಗಿದೆ’ ಎನ್ನುವಲ್ಲೂ ಇದೆ. ಕನ್ನಡಕ್ಕೆ ಎರಡೂ ಒಂದೇ. ‘ಆಗಿ ಅಂದರೆ ಎಲ್‌ವೈ’ ಎಂದು ಕಲಿತ ಹುಡುಗ ಇಂಡಿ ಲಿಂಬಿಯ ಬಗ್ಗೆ ಪ್ರಬಂಧ ಬರೆಯುವಾಗ ‘ದ ಲೈಮ್ ಈಸ್ ಸಾವರ್ಲಿ’ ಎಂದು ಬರೆಯುತ್ತಾನೆ. ಜಿಐ ಮಾನ್ಯತೆ ಪಡೆದ ಹಣ್ಣಿಗೆ ಇಂಥ ಗತಿ! ಇಂಗ್ಲಿಷಿನಲ್ಲಿ ಲಿಂಬಿ ಏನನ್ನೂ ಮಾಡುತ್ತಿಲ್ಲ, ಸುಮ್ಮನೆ ಹುಳಿ ಇದೆ. ಹುಳಿತನ ಲಿಂಬಿಯದು, ಕ್ರಿಯೆಯದಲ್ಲ. ಆದ್ದರಿಂದ ‘ದ ಲೈಮ್ ಈಸ್ ಸಾವರ್’. ಈಸ್, ಆರ್, ವಾಸ್ ಮಾತ್ರವಲ್ಲ, ಲುಕ್, ಟೇಸ್ಟ್, ಸ್ಮೆಲ್, ಫೀಲ್, ಸೌಂಡ್, ಬಿಕಮ್ ಇವುಗಳ ಮುಂದೆಯೂ ಇದೇ ನಿಯಮ. ಮಕ್ಕಳಿಗೆ ಒಂದು ಪರೀಕ್ಷೆ ಹೇಳಿಕೊಡಿ: ಕ್ರಿಯಾಪದ ತೆಗೆದು ಅಲ್ಲಿ ‘ಈಸ್’ ಇಟ್ಟು ನೋಡಬೇಕು. ‘ಟೇಸ್ಟ್ಸ್ ಸಾವರ್’ ತೆಗೆದು ‘ಈಸ್ ಸಾವರ್’ ಎಂದರೂ ಅರ್ಥ ಕೆಡುವುದಿಲ್ಲ, ಹಾಗಾದರೆ ಬಾಲ ಬೇಡ. ‘ಸ್ಪೀಕ್ಸ್ ಸ್ಲೋಲಿ’ ಎಂಬಲ್ಲಿ ‘ಈಸ್ ಸ್ಲೋ’ ಎಂದಿಟ್ಟರೆ ಸಾವಕಾಶ ಮಾತಾಡುವವನು ಮಂದಮತಿಯಾಗಿಬಿಡುತ್ತಾನೆ, ಹಾಗಾದರೆ ಬಾಲ ಬೇಕು.

ಇನ್ನು ‘ಹಾರ್ಡ್ಲಿ’. ‘ನಮ್ಮಪ್ಪ ಹೊಲದಾಗ ಭಾಳ ಕಷ್ಟಪಟ್ಟು ದುಡೀತಾನ’ ಎಂದು ಹೇಳಹೊರಟ ಮಗು, ಬಾಲ ಇದ್ದರೇ ಆ್ಯಡ್‌ವರ್ಬ್ ಎಂದು ನಂಬಿದ್ದರಿಂದ, ‘ಮೈ ಫಾದರ್ ವರ್ಕ್ಸ್ ಹಾರ್ಡ್ಲಿ’ ಎಂದು ಬರೆಯುತ್ತದೆ. ಅದರ ಅರ್ಥ ‘ನಮ್ಮಪ್ಪ ಕೆಲಸ ಮಾಡುವುದೇ ಅಪರೂಪ’ ಎಂದಾಗುತ್ತದೆ. ಬಿಸಿಲಲ್ಲಿ ಬೆನ್ನು ಸುಟ್ಟುಕೊಂಡ ಅಪ್ಪನಿಗೆ ಮಗ ಕೊಟ್ಟ ಸರ್ಟಿಫಿಕೇಟು. ಲೇಟ್ ಎಂದರೆ ತಡವಾಗಿ, ಲೇಟ್ಲಿ ಎಂದರೆ ಇತ್ತೀಚೆಗೆ. ನಿಯರ್ ಎಂದರೆ ಹತ್ತಿರ, ನಿಯರ್ಲಿ ಎಂದರೆ ಹೆಚ್ಚುಕಡಿಮೆ. ಈ ಮೂರು ಜೋಡಿಗಳನ್ನು ಮಾತ್ರ ಬಾಯಿಪಾಠ ಮಾಡಿಸಿ, ಇದಕ್ಕೆ ಬೇರೆ ಉಪಾಯವಿಲ್ಲ.

ಶಬ್ದಗಳ ಕ್ರಮದ ವಿಷಯಕ್ಕೆ ಬಂದರೆ ಮಕ್ಕಳಿಗೆ ಮೋಜೆನಿಸುವ ಸಂಗತಿಯೊಂದಿದೆ. ‘ನಿನ್ನೆ ಆಲಮಟ್ಟಿಯಲ್ಲಿ ಮಳೆ ಜೋರಾಗಿ ಬಂತು’ – ಕನ್ನಡದಲ್ಲಿ ಮೊದಲು ಯಾವಾಗ, ಆಮೇಲೆ ಎಲ್ಲಿ, ಕೊನೆಗೆ ಹೇಗೆ, ಅದಕ್ಕೆ ಅಂಟಿಕೊಂಡು ಕ್ರಿಯಾಪದ. ಇಂಗ್ಲಿಷಿನಲ್ಲಿ ‘ಇಟ್ ರೇನ್ಡ್ ಹೆವಿಲಿ ಇನ್ ಆಲಮಟ್ಟಿ ಯೆಸ್ಟರ್ಡೇ’. ಕ್ರಿಯಾಪದ ಮೊದಲು, ಆಮೇಲೆ ಹೇಗೆ, ಆಮೇಲೆ ಎಲ್ಲಿ, ಕೊನೆಗೆ ಯಾವಾಗ. ಕನ್ನಡದ ಸಾಲನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಪೂರ್ತಿ ತಿರುವುಮುರುವು. ಎರಡೂ ಭಾಷೆಯಲ್ಲಿ ‘ಹೇಗೆ’ ಎಂಬುದು ಕ್ರಿಯಾಪದಕ್ಕೆ ಹತ್ತಿರ, ‘ಯಾವಾಗ’ ಎಂಬುದು ದೂರ; ದಿಕ್ಕು ಮಾತ್ರ ಬೇರೆ. ನಾಲ್ಕು ಮಕ್ಕಳ ಕೈಗೆ ನಾಲ್ಕು ಚೀಟಿ ಕೊಟ್ಟು ಸಾಲಾಗಿ ನಿಲ್ಲಿಸಿ, ‘ಇಂಗ್ಲಿಷ್’ ಎಂದಾಗ ಸಾಲು ತಿರುಗಬೇಕು ಎಂದು ಆಟ ಆಡಿಸಿ. ಹೋಗುವ, ಬರುವ ಕ್ರಿಯಾಪದ ಬಂದಾಗ ಮಾತ್ರ ಜಾಗ ಮೊದಲಾಗುತ್ತದೆ: ‘ಹಿ ವೆಂಟ್ ಹೋಮ್ ಕ್ವಿಕ್ಲಿ’. ಆಲ್ವೇಸ್, ಆಫನ್, ನೆವರ್ ಇವು ಸಾಲಿನ ಕೊನೆಗೆ ಹೋಗದೆ ನಡುವೆ ನುಗ್ಗುತ್ತವೆ. ಮುಖ್ಯ ಕ್ರಿಯಾಪದಕ್ಕೆ ಮೊದಲು ಇಲ್ಲವೇ ಈಸ್, ಆರ್‌ಗಳ ನಂತರ: ‘ಹಿ ಆಲ್ವೇಸ್ ಕಮ್ಸ್ ಲೇಟ್’, ‘ಹಿ ಈಸ್ ಆಲ್ವೇಸ್ ಲೇಟ್’. ನಮ್ಮವರು ‘ಆಲ್ವೇಸ್ ಹಿ ಕಮ್ಸ್ ಲೇಟ್’ ಎನ್ನುವುದು ‘ಯಾವಾಗ್ಲೂ ತಡಾನs ಬರ್ತಾನ’ ಎನ್ನುವ ವಾಡಿಕೆಯಿಂದ.

‘ತಡಾನs’ ಎಂದೆನಲ್ಲ, ಆ ಒತ್ತು ಕನ್ನಡದ ಅವಧಾರಣೆ. ಅದುವೇ, ನೀನೇ, ನಿನ್ನೆಯೇ ಎಂದು ಅವಧಾರಣಾರ್ಥಕ ಅವ್ಯಯದಲ್ಲಿ ನೀವು ಕಲಿಸುವಂಥದ್ದು. ಅದನ್ನು ಇಂಗ್ಲಿಷಿಗೆ ತರುವಾಗ ನಾವೆಲ್ಲರೂ ‘ಓನ್ಲಿ’ ಹಿಡಿಯುತ್ತೇವೆ. ‘ನಾವು ಇಂಡಿಯವರೇ’ ಎಂಬುದು ‘ವಿ ಆರ್ ಫ್ರಮ್ ಇಂಡಿ ಓನ್ಲಿ’ ಆಗುತ್ತದೆ. ಕನ್ನಡದಲ್ಲಿ ಒತ್ತು ಶಬ್ದದ ಕೊನೆಗೆ ಬಂದು ಕೂಡುತ್ತದೆ, ಇಂಗ್ಲಿಷಿನ ಓನ್ಲಿ ಸಾಮಾನ್ಯವಾಗಿ ಶಬ್ದಕ್ಕೆ ಮೊದಲು ನಿಲ್ಲುತ್ತದೆ. ಅಷ್ಟೇ ಅಲ್ಲ, ಓನ್ಲಿ ಎಂದರೆ ‘ಮಾತ್ರ’. ‘ಬರೀ ರೊಟ್ಟಿ ತಿಂದ’ ಎನ್ನಲು ‘ಹಿ ಏಟ್ ಓನ್ಲಿ ರೊಟ್ಟಿ’ ಸರಿ. ಆದರೆ ‘ನಿನ್ನೆಯೇ ಬಂದೆ’ ಎನ್ನುವಲ್ಲಿ ‘ಮಾತ್ರ’ ಎಂಬ ಅರ್ಥವಿಲ್ಲ, ದನಿಯ ಒತ್ತು ಅಷ್ಟೇ ಇದೆ. ಇಂಗ್ಲಿಷಿನಲ್ಲೂ ಯೆಸ್ಟರ್ಡೇ ಶಬ್ದವನ್ನು ಒತ್ತಿ ಹೇಳಿದರೆ ಸಾಕು. ‘ಸುಮ್ನ ಬಂದೀನ್ರಿ’ಗೆ ನಾವು ಹಚ್ಚುವ ‘ಸಿಂಪ್ಲಿ’ ಕೂಡ ಇದೇ ಜಾತಿಯದು. ಅಲ್ಲಿ ‘ಜಸ್ಟ್’ ಸರಿಹೊಂದುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮಾತಿನಲ್ಲಿ ಓನ್ಲಿ, ಸಿಂಪ್ಲಿ ಬಂದರೆ ಮಕ್ಕಳ ಬಾಯಿ ಮುಚ್ಚಿಸಬೇಡಿ. ಬೆಂಗಳೂರಿನ ದೊಡ್ಡ ಆಫೀಸುಗಳಲ್ಲೂ ಅದೇ ಇಂಗ್ಲಿಷ್ ನಡೆಯುತ್ತದೆ. ಉತ್ತರಪತ್ರಿಕೆಯಲ್ಲಿ ಮಾತ್ರ ತಿದ್ದಿ.

ಅನುಕರಣಾವ್ಯಯದ ವಿಷಯ ಹೇಳದಿದ್ದರೆ ನಮ್ಮ ಭಾಗಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ಸರಸರ, ದಡದಡ, ಗಪಗಪ, ಪಿಸುಪಿಸು, ಲೊಚಲೊಚ – ಕನ್ನಡದಲ್ಲಿ ‘ಹೇಗೆ’ ಎಂಬುದಕ್ಕೆ ಕಿವಿಗೆ ಕೇಳುವ ಉತ್ತರ ಇವು. ಮಕ್ಕಳ ಹತ್ತಿರ ಇಂಥವು ನೂರಾರಿವೆ. ಇವಕ್ಕೆ ಸಮನಾದ ಎಲ್‌ವೈ ಶಬ್ದ ಹುಡುಕಿದರೆ ಸಿಗುವುದು ಕಷ್ಟ, ಯಾಕೆಂದರೆ ಇಂಗ್ಲಿಷ್ ಇಂಥ ಕಡೆ ‘ಹೇಗೆ’ ಎಂಬುದನ್ನು ಕ್ರಿಯಾಪದದ ಹೊಟ್ಟೆಯೊಳಗೇ ಇಟ್ಟುಬಿಟ್ಟಿದೆ. ಪಿಸುಪಿಸು ಮಾತಾಡು ಎಂದರೆ ವಿಸ್ಪರ್, ಗಪಗಪ ತಿನ್ನು ಎಂದರೆ ಗಾಬಲ್, ಕುಂಟುತ್ತ ನಡೆ ಎಂದರೆ ಲಿಂಪ್. ‘ಸ್ಪೀಕ್ ವಿಸ್ಪರಿಂಗ್ಲಿ’ ಎಂದು ಕಷ್ಟಪಡುವ ಮಗುವಿಗೆ ‘ಒಂದೇ ಶಬ್ದ ಸಾಕು’ ಎಂದರೆ ಅದರ ಮುಖ ಅರಳುವುದನ್ನು ನೀವೇ ನೋಡುತ್ತೀರಿ. ಇದಕ್ಕೆ ಒಳ್ಳೆಯ ಸಾಮಗ್ರಿ ನಿಮ್ಮ ತವರಿನಲ್ಲೇ ಇದೆ. ಆಗ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಬರೆದುಕೊಂಡ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಬಂದವು. ಶಾಲೆಯ ಲೈಬ್ರರಿಯಲ್ಲಿ ಇದ್ದರೆ ತಂದು ಮಕ್ಕಳಿಂದ ಓದಿಸಿ, ಹೇಗೆ, ಎಲ್ಲಿ, ಯಾವಾಗ ಎಂಬುದಕ್ಕೆ ಉತ್ತರ ಕೊಡುವ ಶಬ್ದಗಳ ಕೆಳಗೆ ಗೆರೆ ಎಳೆಸಿ. ಬಸವನ ಬಾಗೇವಾಡಿಯ ಸೀಮೆಯ ಮಕ್ಕಳಿಗೆ ಬಾಯಿಗೆ ಬರುವ ವಚನಗಳಾದರೂ ಆದೀತು. ಇಂಗ್ಲಿಷ್ ವಾಕ್ಯ ಮುಟ್ಟುವ ಮೊದಲು ಒಂದು ಪಿರಿಯಡ್ ಇಷ್ಟಕ್ಕೇ ಕೊಡಿ.

ಈಗ ನಿಮ್ಮ ಹೆದರಿಕೆಯ ಬಗ್ಗೆ ಎರಡು ಮಾತು. ನಾಳೆ ತರಗತಿಗೆ ಹೋದಾಗ, ‘ಮೊನ್ನೆ ಹೇಳಿದ ಸೂತ್ರ ಅರ್ಧ, ಇವತ್ತು ಇನ್ನರ್ಧ’ ಎಂದು ಶುರುಮಾಡಿ. ಕ್ಷಮೆ, ಸಂಕೋಚ ಏನೂ ಬೇಡ. ಆ ಹುಡುಗನನ್ನೇ ಬೋರ್ಡಿಗೆ ಕರೆದು ‘ರಾಗಿ’ ಬರೆಸಿ. ಪಾಠಕ್ಕೆ ಮುನ್ನಾದಿನ ಉದಾಹರಣೆಗಳನ್ನು ನಿಮ್ಮ ಕೈಯಾರೆ ಬರೆದುಕೊಳ್ಳಿ, ಗೈಡಿನಿಂದ ಎತ್ತಬೇಡಿ. ಗೈಡಿನ ವಾಕ್ಯಗಳಲ್ಲಿ ಯಾವಾಗಲೂ ಯಾವನೋ ಟಾಮ್ ಸ್ಲೋಲಿ ನಡೆಯುತ್ತಿರುತ್ತಾನೆ. ನಿಮ್ಮ ಕ್ಲಸ್ಟರಿನ ಸಿಆರ್‌ಪಿಯವರನ್ನು ಕಂಡು ಇಂಗ್ಲಿಷ್ ತರಬೇತಿ ಯಾವುದಿದೆ ಎಂದು ವಿಚಾರಿಸಿ. ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ಇಂಗ್ಲಿಷ್ ಕಲಿಸುವ ತರಬೇತಿ ಕೊಡಲೆಂದೇ 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಆಂಗ್ಲ ಭಾಷಾ ಸಂಸ್ಥೆ ಶುರುವಾಯಿತು, ಅಲ್ಲಿ ತರಬೇತಾಗಿ ಬಂದವರು ನಿಮ್ಮ ತಾಲೂಕಿನಲ್ಲೂ ಇರುತ್ತಾರೆ. ಅಂಥವರೊಬ್ಬರ ಗುರುತಾದರೆ ನಕ್ಕವರ ಕಡೆ ಮತ್ತೆ ಹೋಗುವ ಅಗತ್ಯ ಬೀಳುವುದಿಲ್ಲ. ಇದೆಲ್ಲ ಮಾಡಿಯೂ ಹೊಟ್ಟೆ ತೊಳಸುವುದು, ನಿದ್ದೆ ಬಾರದಿರುವುದು ನಿಲ್ಲದಿದ್ದರೆ ಅದು ವ್ಯಾಕರಣದ ವಿಷಯವಲ್ಲ, ತಾಲೂಕು ಆಸ್ಪತ್ರೆಯ ಡಾಕ್ಟರರಿಗೆ ತೋರಿಸಿ. ಅದರಲ್ಲೂ ಸಂಕೋಚ ಬೇಡ.

ಇದೇ ಜಾಡಿನ ಇನ್ನೆರಡು ಪತ್ರಗಳಿಗೂ ಇಲ್ಲೇ ಉತ್ತರಿಸುತ್ತೇನೆ. ಮುದ್ದೇಬಿಹಾಳದಿಂದ ಬರೆದ ಅಣ್ಣಾವರೇ, ಇಂಗ್ಲಿಷ್ ಮಾಧ್ಯಮದ ಮಗಳು ನಿಮ್ಮ ‘ಟೂ ಗುಡ್’ ತಿದ್ದಿದ್ದಕ್ಕೆ ಬೇಸರ ಮಾಡಿಕೊಂಡಿದ್ದೀರಿ. ಮಗಳು ಹೇಳಿದ್ದು ಸರಿ ಇದೆ. ‘ವೆರಿ’ ಎಂದರೆ ಭಾಳ, ‘ಟೂ’ ಎಂದರೆ ಬೇಕಾದ್ದಕ್ಕಿಂತ ಭಾಳ. ಏಪ್ರಿಲ್ ತಿಂಗಳ ಮುದ್ದೇಬಿಹಾಳದ ಬಿಸಿಲಿಗೆ ‘ಟೂ ಹಾಟ್’ ಎಂದರೆ ಯಾರೂ ತಪ್ಪು ಹಿಡಿಯುವುದಿಲ್ಲ, ಊಟಕ್ಕೆ ‘ವೆರಿ ಗುಡ್’ ಎನ್ನಿ. ಮಗಳಿಗೆ ನೀವು ಅವ್ಯಯ ಕೇಳಿ ಲೆಕ್ಕ ಚುಕ್ತಾ ಮಾಡಬಹುದು.

ಬಸವನ ಬಾಗೇವಾಡಿಯಲ್ಲಿ ಎಫ್‌ಡಿಎ, ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ತಮ್ಮನಿಗೆ: ನೀವು ಆ್ಯಡ್‌ವರ್ಬ್‌ಗಳ ಪಟ್ಟಿ ಉರುಹೊಡೆಯುವುದು ನಿಲ್ಲಿಸಿ. ಅಲ್ಲಿ ಕೇಳುವುದು ಹೆಚ್ಚಾಗಿ ತಪ್ಪು ಹುಡುಕುವ ಪ್ರಶ್ನೆ, ಮತ್ತು ತಪ್ಪು ಇರುವುದು ಜೋಡಿಯಲ್ಲಿ. ‘ನೋ ಸೂನರ್’ ಬಂದರೆ ಮುಂದೆ ‘ದ್ಯಾನ್’, ‘ಹಾರ್ಡ್ಲಿ’ ಬಂದರೆ ಮುಂದೆ ‘ವೆನ್’. ಇವೂ, ‘ನೆವರ್’, ‘ರೇರ್ಲಿ’, ‘ಸೆಲ್ಡಮ್’ಗಳೂ ವಾಕ್ಯದ ತಲೆಗೆ ಬಂದರೆ ಕರ್ತೃ ಮತ್ತು ಸಹಾಯಕ ಕ್ರಿಯಾಪದ ಜಾಗ ಬದಲಿಸುತ್ತವೆ: ‘ಹಾರ್ಡ್ಲಿ ಹ್ಯಾಡ್ ಐ ರೀಚ್ಡ್’ ಆಗುತ್ತದೆ, ‘ಹಾರ್ಡ್ಲಿ ಐ ಹ್ಯಾಡ್’ ಅಲ್ಲ. ಜೊತೆಗೆ ‘ಹಾರ್ಡ್ಲಿ’ ಇರುವ ವಾಕ್ಯದಲ್ಲಿ ಇನ್ನೊಂದು ‘ನಾಟ್’ ಸಿಕ್ಕರೆ ತಪ್ಪು ಅಲ್ಲೇ ಇದೆ ಎಂದು ತಿಳಿಯಿರಿ, ಅದರೊಳಗೆ ಮೊದಲೇ ಒಂದು ‘ಇಲ್ಲ’ ಅಡಗಿದೆ.

ಕೊನೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಶಿಕ್ಷಕ ಬಂಧುಗಳಲ್ಲಿ ಒಂದು ಕೋರಿಕೆ. ಮುಂದಿನ ಕ್ಲಸ್ಟರ್ ಸಭೆಯಲ್ಲಿ ಕನ್ನಡ ಹೇಳುವವರೂ ಇಂಗ್ಲಿಷ್ ಹೇಳುವವರೂ ಒಂದೆಡೆ ಕೂತು, ಅವ್ಯಯ ಪಾಠ ಮತ್ತು ಆ್ಯಡ್‌ವರ್ಬ್ ಪಾಠ ಒಂದೇ ವಾರದಲ್ಲಿ, ಒಂದರ ಹಿಂದೆ ಒಂದು ಬರುವಂತೆ ಹೊಂದಿಸಿಕೊಳ್ಳಿ. ಕನ್ನಡದ್ದು ಮೊದಲು ಬರಲಿ.